ಬೀದಿಯ ಭಿತ್ತಿಲೇಖನಗಳು: ಮುಂಬಯಿಯ ಗೋಡೆಗಳನ್ನು ಓದುವ ಬಗೆ

ಕನ್ನಡದ ‘ಬರೆ’ ಎಂಬ ಧಾತುವಿಗೆ ಅಕ್ಷರವನ್ನು ಬರೆಯುವುದು, ಚಿತ್ರವನ್ನು ಬರೆಯುವುದು ಎಂದು ಎರಡು ಅರ್ಥಗಳುಂಟು. ‘ಪತ್ರ ಬರೆದನು’ ಎಂದ ಬಾಯಿಯಲ್ಲಿಯೇ ‘ಚಿತ್ರ ಬರೆದನು’ ಎಂದೂ ಹೇಳುತ್ತೇವೆ. ಕೇಳುವವರಿಗೆ ಅದು ವಿಚಿತ್ರವೆನಿಸುವುದಿಲ್ಲ. ಸಂಸ್ಕೃತದ ‘ಲಿಖ್’ ಧಾತುವಿನ ಕಥೆಯೂ ಹಾಗೆಯೇ. ಅದರ ಮೂಲಾರ್ಥ ಗೀರುವುದು. ಬರೆಯುವುದು, ಚಿತ್ರಿಸುವುದು ಎಂಬ ಅರ್ಥಗಳು ಅದರಿಂದ ಬೆಳೆದವು. ಚಿತ್ರಕ್ಕೆ ‘ಆಲೇಖ್ಯ’ವೆಂಬ ಹೆಸರು ಬಂದುದು ಈ ದಾರಿಯಿಂದಲೇ. ಇಂದು ಜಗತ್ತಿನಾದ್ಯಂತ ಬಳಕೆಗೆ ಬಂದಿರುವ ‘ಗ್ರಾಫಿಟಿ’ ಎಂಬ ಇಟಾಲಿಯನ್ ಶಬ್ದದ ಹುಟ್ಟೂ ಗೀರುವುದೆಂಬ ಅರ್ಥದ ಕ್ರಿಯಾಪದದಿಂದಲೇ ಆಗಿದೆ. ಭಾಷೆಗಳು ಹೀಗೆ ಒಂದೇ ಮಾತನ್ನು ಹೇಳುತ್ತಿರುವಾಗ, ನಗರದ ಬೀದಿಗೋಡೆಗಳ ಮೇಲಿನ ಚಿತ್ರವನ್ನು ಕಲೆಯೆಂದೂ ಅದರ ಪಕ್ಕದ ಬರಹವನ್ನು ಪೋಕರಿತನವೆಂದೂ ಮೊದಲೇ ಬೇರ್ಪಡಿಸಿ ನೋಡುವ ನಮ್ಮ ರೂಢಿ ಅಷ್ಟು ಸರಿಯಾದುದಲ್ಲವೆಂದು ತೋರುತ್ತದೆ. ಶಾಸನಗಳನ್ನು ಓದುವವರು ಬಂಡೆಯ ಮುಂದೆ ನಿಂತು ಕೇಳುವ ಪ್ರಶ್ನೆಗಳು ಸರಳವಾದುವು: ಯಾರ ಕೈ, ಯಾವ ಕಾಲ, ಯಾರ ಅನುಮತಿ, ಕೆಳಗೆ ಮೊದಲು ಏನಿತ್ತು. ಮುಂಬಯಿಯ ಗೋಡೆಗಳ ಮುಂದೆ ನಿಂತು ಇವೇ ಪ್ರಶ್ನೆಗಳನ್ನು ಕೇಳಿದರೆ ಏನು ದೊರೆಯುತ್ತದೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಆರಂಭಕ್ಕೆ ಬಾಂದ್ರಾಕ್ಕಿಂತ ಬೊರಿವಲಿಯೇ ಲೇಸು. ಅಲ್ಲಿನ ರಾಷ್ಟ್ರೀಯ ಉದ್ಯಾನದೊಳಗಿರುವ ಕಾನ್ಹೇರಿಯ ಗುಹೆಗಳು ಕನ್ನಡಿಗರಿಗೆ ಪರಕೀಯವಲ್ಲ. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಆಳಿಕೆಯನ್ನು ಹೆಸರಿಸುವ ಶಕ 775 ಹಾಗೂ 799ರ ದಾನಶಾಸನಗಳು ಅಲ್ಲಿವೆ. ಕೊಂಕಣವನ್ನು ಆಗ ಆತನ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ಈ ಶಾಸನಗಳನ್ನು ನೋಡಹೋದವರು 90ನೆಯ ಗುಹೆಯನ್ನೂ ತಪ್ಪದೆ ನೋಡಬೇಕು. ಅಲ್ಲಿ ಪಹ್ಲವಿ ಲಿಪಿಯಲ್ಲಿ ಕೆಲವು ಹೆಸರುಗಳನ್ನು ಕೊರೆದಿದೆ. ಕ್ರಿ. ಶ. 1009ರಲ್ಲಿಯೂ 1021ರಲ್ಲಿಯೂ ಗುಹೆಗಳನ್ನು ನೋಡಬಂದ ಪಾರಸಿಗಳು ತಮ್ಮ ಹೆಸರು, ತಂದೆಯ ಹೆಸರು, ಬಂದ ದಿನ ಇಷ್ಟನ್ನು ಬರೆದು ಹೋಗಿದ್ದಾರೆ. ದಾನವಿಲ್ಲ, ಪ್ರಶಸ್ತಿಯಿಲ್ಲ, ಶಾಪವಾಕ್ಯವೂ ಇಲ್ಲ. ಬಂದಿದ್ದೆವು, ನೋಡಿದೆವು ಎಂಬುದಷ್ಟೇ. ರಾಜನ ಹೆಸರುಳ್ಳ ಬರಹಕ್ಕೆ ವಿಹಾರದ ಒಪ್ಪಿಗೆಯಿತ್ತು. ಈ ಪ್ರವಾಸಿಗಳನ್ನು ಬರೆಯಿರೆಂದು ಯಾರೂ ಕರೆದಿರಲಿಲ್ಲ. ಆದರೂ ಪಶ್ಚಿಮ ಕರಾವಳಿಯ ಪಾರಸಿಗಳ ಇತಿಹಾಸವನ್ನು ಬರೆಯುವವರಿಗೆ ಇಂದು ಆ ಕರೆಯದೆ ಬಂದವರ ಬರಹ ಅಮೂಲ್ಯವಾಗಿದೆ.

ಶ್ರವಣಬೆಳ್ಗೊಳದ ವಿಷಯದಲ್ಲಿಯೂ ಇಂಥದೇ ಒಂದು ಪಾಠವಿದೆ. ಬಿ. ಎಲ್. ರೈಸರು 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಲ್ಲಿನ 144 ಶಾಸನಗಳಿದ್ದವು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು. ಹೀಗೆ ಸೇರಿದವುಗಳಲ್ಲಿ ಯಾತ್ರಿಕರು ಬಂಡೆಯ ಮೇಲೆ ಗೀಚಿದ ಬರಿಯ ಹೆಸರುಗಳೂ ಇವೆ. ಉತ್ತರ ದೇಶದಿಂದ ಬಂದ ವರ್ತಕರು ತಮ್ಮ ಲಿಪಿಯಲ್ಲಿ ಬರೆದವೂ ಇವೆ. ಅರ್ಧ ಸಾಲಿನ ಹೆಸರಿಗೂ ಒಂದು ಕ್ರಮಸಂಖ್ಯೆಯನ್ನು ಕೊಟ್ಟ ಆಚಾರ್ಯರ ತಾಳ್ಮೆಗೆ ನಾವು ಋಣಿಗಳು.

ಹಾಗಾದರೆ ಗೀಚಿದ್ದೆಲ್ಲವೂ ಪೂಜ್ಯವೆ? ಅಲ್ಲ. ಅಜಂತೆಯ 10ನೆಯ ಗುಹೆಯಲ್ಲಿ ಜಾನ್ ಸ್ಮಿತ್ ಎಂಬ ಮದರಾಸು ಸೈನ್ಯದ ಅಧಿಕಾರಿಯು 1819ರ ಏಪ್ರಿಲ್ 28ರಂದು ತನ್ನ ಹೆಸರನ್ನು ಕೊರೆದನು. ಕೊರೆದುದು ಬರಿಯ ಕಲ್ಲಿನ ಮೇಲಲ್ಲ, ಕಂಬದ ಮೇಲಿನ ಪ್ರಾಚೀನ ವರ್ಣಚಿತ್ರದ ಮೇಲೆ. ಗುಹೆಯಲ್ಲಿ ಆಗ ಮಣ್ಣುಕಲ್ಲು ತುಂಬಿ ನೆಲವೇ ಮೇಲೆದ್ದಿದ್ದುದರಿಂದ ಆ ಹೆಸರು ಈಗ ನೋಡುವವರ ತಲೆಗಿಂತ ಎತ್ತರದಲ್ಲಿದೆ. ಅಜಂತೆ ಹೊರಜಗತ್ತಿಗೆ ತಿಳಿದುಬಂದ ದಿನಕ್ಕೆ ಆ ಗೀರೇ ಸಾಕ್ಷಿ. ಆದರೂ ಅದನ್ನು ಅಪರಾಧವೆನ್ನದೆ ಗತ್ಯಂತರವಿಲ್ಲ. ಕಾನ್ಹೇರಿಯ ಪಾರಸಿಗೂ ಅಜಂತೆಯ ಸ್ಮಿತ್ತನಿಗೂ ಇರುವ ಅಂತರ ಅನುಮತಿಯದಲ್ಲ, ಇಬ್ಬರಿಗೂ ಅದು ಇರಲಿಲ್ಲ. ಬರಹದ ಕೆಳಗೆ ಏನಿತ್ತು ಎಂಬುದೇ ಅಂತರ. (ಇದನ್ನು ಓದಿ ಯಾರೂ ಕಾನ್ಹೇರಿಯಲ್ಲಿ ತಮ್ಮ ಹೆಸರು ಕೊರೆಯಹೊರಡಬಾರದು. ಪ್ರಾಚೀನ ಸ್ಮಾರಕಗಳ 1958ರ ಅಧಿನಿಯಮವು ಅದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ.) ಕೆಳಗೆ ಏನಿತ್ತೆಂಬ ಈ ಪರೀಕ್ಷೆಯಲ್ಲಿ ಈ ಲೇಖಕನೇ ಒಮ್ಮೆ ತೇರ್ಗಡೆಯಾಗಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಆಧುನಿಕ ಗ್ರಾಫಿಟಿಯ ವಂಶಾವಳಿಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1960ರ ದಶಕದ ಕೊನೆಗೆ ಫಿಲಡೆಲ್ಫಿಯ, ನ್ಯೂಯಾರ್ಕ್ ನಗರಗಳ ಹುಡುಗರು ತಮ್ಮ ಅಂಕಿತನಾಮಗಳನ್ನು ಗೋಡೆಗಳ ಮೇಲೂ ರೈಲುಗಳ ಮೇಲೂ ಬರೆಯತೊಡಗಿದರು. ನ್ಯೂಯಾರ್ಕಿನಲ್ಲಿ 183ನೆಯ ಬೀದಿಯ ಒಬ್ಬ ಹುಡುಗನು ಪತ್ರ-ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸದಲ್ಲಿದ್ದು, ಹೋದಲ್ಲೆಲ್ಲ ‘ಟಾಕಿ 183’ ಎಂದು ಬರೆಯುತ್ತಿದ್ದನು. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅವನ ಮೇಲೆ ಲೇಖನವನ್ನೇ ಪ್ರಕಟಿಸಿತು. ದೊಡ್ಡ ನಗರದಲ್ಲಿ ಹೆಸರಿಲ್ಲದವನು ಹೆಸರನ್ನು ಬಿಟ್ಟುಹೋಗುವ ಹಂಬಲವೇ ಇದರ ಬೀಜ. ಮುಂಬಯಿಗೆ ಹೊಟ್ಟೆಪಾಡಿಗಾಗಿ ಬಂದವರ ಮಕ್ಕಳಾದ ನಮಗೆ ಆ ಹಂಬಲವನ್ನು ವಿವರಿಸಬೇಕಾಗಿಲ್ಲ.

ಮುಂಬಯಿಯ ಗೋಡೆಗಳಿಗಾದರೋ ಬೇರೆ ಪೂರ್ವಜರೂ ಇದ್ದಾರೆ. ಚಲನಚಿತ್ರಗಳ ಫಲಕಗಳನ್ನು ಕೈಯಿಂದ ಬರೆಯುತ್ತಿದ್ದ ಚಿತ್ರಕಾರರ ಪರಂಪರೆ ಅವುಗಳಲ್ಲಿ ಮುಖ್ಯವಾದುದು. 1930ರ ದಶಕದಲ್ಲಿ ಎಂ. ಎಫ್. ಹುಸೇನರೂ ಈ ಕೆಲಸದಿಂದಲೇ ಜೀವನ ನಡೆಸಿದರು. ಅಂಗಡಿಯ ಬೋರ್ಡು, ಲಾರಿಯ ಹಿಂಬದಿಯ ಬರಹ, ಚುನಾವಣೆಯ ಗೋಡೆಬರಹ, ಪಾಲಘರ ಕಡೆಯ ಕೆಮ್ಮಣ್ಣಿನ ಗೋಡೆಗಳ ಮೇಲೆ ವಾರಲಿ ಜನ ಅಕ್ಕಿಹಿಟ್ಟಿನಿಂದ ಬರೆಯುವ ಚಿತ್ರ, ಇವೆಲ್ಲವೂ ಅದೇ ಬಳಗದವು. ನಮ್ಮ ಮಲೆನಾಡಿನ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನು ಕಂಡವರಿಗೆ ವಾರಲಿ ಚಿತ್ರ ನೆಂಟನಂತೆ ಕಾಣುತ್ತದೆ. ಮೆಟ್ಟಿಲಿನ ಮೂಲೆಗಳಲ್ಲಿ ಉಗುಳದಂತೆ ಅಂಟಿಸಿದ ಸರ್ವಧರ್ಮದ ದೇವರ ಹೆಂಚುಗಳನ್ನೂ ನಾನು ಈ ಲೆಕ್ಕದಲ್ಲಿಯೇ ಹಿಡಿಯುತ್ತೇನೆ. ಕಾವಲಿಗೆ ನಿಂತ ಚಿತ್ರಗಳು ಜಗತ್ತಿನಲ್ಲಿ ಬೇರೆಲ್ಲಿಯಾದರೂ ಇಷ್ಟು ಇವೆಯೋ ಇಲ್ಲವೋ.

ಇಂದಿನ ಬೀದಿಚಿತ್ರಗಳನ್ನು ಕಾಣಬಯಸುವವರು ಬಾಂದ್ರಾ ಪಶ್ಚಿಮದ ಚಾಪೆಲ್ ರೋಡ್, ರಾಣ್ವಾರ್ ಓಣಿಗಳಿಗೆ ಹೋಗಬೇಕು. ಇವು ಈಸ್ಟ್ ಇಂಡಿಯನ್ ಕ್ರೈಸ್ತರ ಹಳೆಯ ಗ್ರಾಮದ ಅವಶೇಷಗಳು. ದಾರಿ ಇಕ್ಕಟ್ಟು, ಹೆಂಚಿನ ಮಾಡು, ಹೊರಗಿನಿಂದ ಏರುವ ಮರದ ಮೆಟ್ಟಿಲು, ತಿರುವಿನಲ್ಲಿ ಹೂಮಾಲೆ ಹಾಕಿದ ಶಿಲುಬೆ. 2007ರಲ್ಲಿ ಬಾಂದ್ರಾದ ಕೆಲವು ತರುಣ ತರುಣಿಯರು ‘ವಾಲ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಮನೆಯವರ ಒಪ್ಪಿಗೆ ಪಡೆದು ಇಂಥ ಗೋಡೆಗಳ ಮೇಲೆ ಬರೆಯತೊಡಗಿದರು. 2012ರಲ್ಲಿ ರಂಜಿತ್ ದಹಿಯಾ ಅವರು ಹಿಂದೀ ಚಲನಚಿತ್ರಗಳನ್ನು ಕುರಿತ ಭಿತ್ತಿಚಿತ್ರಗಳ ಮಾಲೆಯನ್ನು ಆರಂಭಿಸಿ, 1953ರ ‘ಅನಾರಕಲಿ’ ಚಿತ್ರದ ಭಿತ್ತಿಪತ್ರವನ್ನು ಚಾಪೆಲ್ ರೋಡಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದರು. ದಹಿಯಾ ಹರಿಯಾಣದವರು. ಮೊದಲು ತಮ್ಮ ಊರಿನಲ್ಲಿ ಗೋಡೆಗಳಿಗೆ ಸುಣ್ಣ ಬಳಿಯುವ ಕೆಲಸ ಮಾಡುತ್ತಿದ್ದವರು. ಚಂಡೀಗಡ ಹಾಗೂ ಅಹಮದಾಬಾದುಗಳಲ್ಲಿ ಕಲೆಯನ್ನು ಅಭ್ಯಸಿಸಿದುದು ಆ ಬಳಿಕ. ಬಳಿಯುವ ಕೈಯೇ ಬರೆಯುವ ಕೈಯಾದ ಈ ಸಂಗತಿ ನನಗೆ ಬಹಳ ಹಿಡಿಸಿದೆ. 2014ರಲ್ಲಿ ಅವರು ಬಾಂದ್ರಾ ರೆಕ್ಲಮೇಶನ್ನಿನ ದೂರವಾಣಿ ನಿಗಮದ ಕಟ್ಟಡದ ಮೇಲೆ, ನೂರು ಅಡಿಗೂ ಮಿಕ್ಕ ಎತ್ತರದಲ್ಲಿ, ‘ರಾಜಾ ಹರಿಶ್ಚಂದ್ರ’ದ ನಿರ್ಮಾಪಕ ದಾದಾಸಾಹೇಬ ಫಾಳ್ಕೆಯವರ ಚಿತ್ರವನ್ನು ಬರೆದರು.

ಈ ಓಣಿಗಳಲ್ಲಿ ಹೊತ್ತು ನೋಡಿ ನಡೆಯಬೇಕು. ಮಧ್ಯಾಹ್ನ ಹೋದರೆ ಗೋಡೆಯುದ್ದಕ್ಕೂ ವಾಹನಗಳು ನಿಂತು ಚಿತ್ರದ ಕೆಳಗಿನ ಮೂರಡಿ ಕಾಣುವುದಿಲ್ಲ. ನೋಡತಕ್ಕದ್ದೆಲ್ಲ ಅನೇಕ ವೇಳೆ ಆ ಮೂರಡಿಯಲ್ಲಿಯೇ ಇರುತ್ತದೆ. ಬರೆದವನ ಅಂಕಿತ, ವರ್ಷ, ಕೆಲಸಕ್ಕೆ ನೆರವಾದವರ ಹೆಸರು, ಇವನ್ನು ಗಟಾರದ ಅಂಚಿನ ಬಳಿ ಸಣ್ಣದಾಗಿ ಬರೆದಿರುತ್ತಾರೆ. ಬೆಳಿಗ್ಗೆ ಏಳರೊಳಗೆ ಹೋದವರಿಗೆ ಗೋಡೆ ಪೂರ್ತಿಯಾಗಿ ಸಿಕ್ಕುತ್ತದೆ, ಹಾಲು ಹಾಕುವವನೂ ಸಿಕ್ಕುತ್ತಾನೆ. ಯಾವ ಚಿತ್ರ ಯಾವಾಗ ಬಂತು, ಯಾವುದರ ಮೇಲೆ ಬಂತು ಎಂಬುದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಅಪರೂಪ. ಎರಡನೆಯದಾಗಿ, ಚಿತ್ರದ ಅಂಚುಗಳನ್ನು ನೋಡಬೇಕು. ಬಣ್ಣ ಸಿಪ್ಪೆಯೆದ್ದ ಕಡೆ ಹಿಂದಿನ ಪದರ ಇಣುಕುತ್ತದೆ. ಒಂದು ಕಡೆ ನೀಲಿಯ ಕೆಳಗೆ ಹಳದಿ, ಹಳದಿಯ ಕೆಳಗೆ ಯಾವುದೋ ಪಕ್ಷದ ಚಿಹ್ನೆ, ಅದರ ಕೆಳಗೆ ಸುಣ್ಣ, ಹೀಗೆ ನಾಲ್ಕು ಪದರಗಳನ್ನು ಎಣಿಸಿದ್ದೇನೆ. ಹಳೆಯ ತಾಮ್ರಪಟವನ್ನು ಕಾಯಿಸಿ ತಟ್ಟಿ ಅದರ ಮೇಲೆ ಹೊಸ ಶಾಸನವನ್ನು ಕೊರೆಸುತ್ತಿದ್ದ ಪದ್ಧತಿ ನೆನಪಾಗುತ್ತದೆ.

ಕೈಗಳನ್ನು ಗುರುತಿಸುವುದಕ್ಕೆ ಉಪಕರಣಗಳ ಪರಿಚಯವಿರಬೇಕು. ಒತ್ತಿದರೆ ಬಣ್ಣ ಸಿಂಪಡಿಸುವ ಡಬ್ಬಿಯಿಂದ ಬರೆದ ಗೆರೆಯ ಅಂಚು ಮೃದುವಾಗಿ ಮಂಜಿನಂತೆ ಹರಡಿರುತ್ತದೆ. ಡಬ್ಬಿಯನ್ನು ಗೋಡೆಗೆ ಹತ್ತಿರ ಹಿಡಿದರೆ ಗೆರೆ ಸಣ್ಣಗೆ, ದೂರ ಹಿಡಿದರೆ ಅಗಲ. ಗೆರೆ ಚೂರಿಯಿಂದ ಕೊಯ್ದಂತಿದ್ದು ಅಲ್ಲಲ್ಲಿ ಸಣ್ಣ ಸೇತುವೆಯಂತಹ ಬಿಡುವುಗಳಿದ್ದರೆ ಅದು ಕತ್ತರಿಸಿದ ಹಾಳೆಯನ್ನು ಗೋಡೆಗೆ ಹಿಡಿದು ಬಣ್ಣ ಸಿಂಪಡಿಸಿದ್ದು. ಕೈಯಲ್ಲಿ ಸಮಯ ಕಡಮೆಯಿರುವವರು, ಅಂದರೆ ಅನುಮತಿಯಿಲ್ಲದವರು, ಹೆಚ್ಚಾಗಿ ಈ ಉಪಾಯವನ್ನೇ ಆಶ್ರಯಿಸುತ್ತಾರೆ. ಮನೆಯಲ್ಲಿ ಮೂರು ದಿನ ಕತ್ತರಿಸಿದ್ದನ್ನು ಬೀದಿಯಲ್ಲಿ ಮೂರು ನಿಮಿಷದಲ್ಲಿ ಮುಗಿಸಬಹುದು. ಕೆಲವರು ಕಾಗದದ ಮೇಲೆ ಮೊದಲೇ ಬರೆದುದನ್ನು ಮೈದಾ ಅಂಟಿನಿಂದ ಹಚ್ಚಿಹೋಗುತ್ತಾರೆ. ಸಿನಿಮಾ ಭಿತ್ತಿಪತ್ರದವರ ವಿದ್ಯೆಯೇ ಇದು. ಇನ್ನು ದೊಡ್ಡ ಚಿತ್ರಗಳಿಗೆ ಮೂಲದ ಮೇಲೂ ಗೋಡೆಯ ಮೇಲೂ ಚೌಕಗಳನ್ನು ಹಾಕಿಕೊಂಡು ಒಂದೊಂದೇ ಚೌಕವನ್ನು ಹಿಗ್ಗಿಸಿ ಬರೆಯುವರು. ಹಳೆಯ ಬೋರ್ಡು ಬರೆಯುವವರಂತೆ ಬಣ್ಣದ ಪುಡಿ ಸವರಿದ ದಾರವನ್ನು ಎಳೆದು ಮಿಡಿದು ಗೆರೆ ಬೀಳಿಸುವುದನ್ನು ಈಗಲೂ ಕಾಣಬಹುದು.

ಮುಂಬಯಿಯ ಮಳೆಗೆ ಇದಾವುದೂ ತಡೆಯುವುದಿಲ್ಲ. ಗೋಡೆ ನೀರು ಕುಡಿದಾಗ ಗಾರೆಯೊಳಗಿನ ಉಪ್ಪು ಕರಗಿ ಹೊರಮೈಗೆ ಬರುತ್ತದೆ. ನೀರು ಆರಿ ಉಪ್ಪು ಹರಳುಗಟ್ಟುವಾಗ ಬಣ್ಣದ ಪೊರೆಯನ್ನು ಒಳಗಿನಿಂದ ಎತ್ತಿಬಿಡುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಭಿತ್ತಿಯನ್ನು ಚಿತ್ರಕ್ಕೆ ಅಣಿಗೊಳಿಸುವ ಕ್ರಮವನ್ನು ಹೇಳಿದೆ. ಎಮ್ಮೆಯ ಚರ್ಮವನ್ನು ಬೆಣ್ಣೆಯಂತೆ ಮೆತ್ತಗಾಗುವವರೆಗೆ ಬೇಯಿಸಿ ತೆಗೆದ ವಜ್ರಲೇಪವೆಂಬ ಅಂಟನ್ನು ಬಿಳಿಯ ಮಣ್ಣಿನೊಡನೆ ಕಲಸಿ, ನಯಗೊಳಿಸಿದ ಗೋಡೆಗೆ ಲೇಪಿಸಿ, ಒಣಗಿದ ಮೇಲೆ ಬರೆಯತಕ್ಕದ್ದು. ಅರಮನೆಯ ಚಿತ್ರಕಾರನಿಗೆ ಗೋಡೆಯೂ ಇತ್ತು, ಕಾಲವೂ ಇತ್ತು. ಬೀದಿಯವನು ಯಾವುದೋ ಗುತ್ತಿಗೆದಾರನು ಕಟ್ಟಿದ ತೇವದ ಗೋಡೆಯ ಮೇಲೆ ಬರೆಯುತ್ತಾನೆ. ಎರಡು ಮಳೆಗಾಲ ದಾಟಿದರೆ ಆ ಚಿತ್ರ ಮುದುಕನಾಯಿತೆಂದೇ ಲೆಕ್ಕ. 2009ರ ಆಗಸ್ಟ್ ತಿಂಗಳಿನಲ್ಲಿ ಮಹಾನಗರಪಾಲಿಕೆಯ ಒಪ್ಪಿಗೆಯಿಂದ ನೂರಾರು ನಾಗರಿಕರು ಸೇನಾಪತಿ ಬಾಪಟ್ ಮಾರ್ಗದ, ಅಂದರೆ ಹಳಬರ ತುಳಸಿ ಪೈಪ್ ರಸ್ತೆಯ, ರೈಲ್ವೆ ಗೋಡೆಯನ್ನು ಮಾಹಿಮಿನಿಂದ ದಾದರಿನ ಕಡೆಗೆ ಚಿತ್ರಗಳಿಂದ ತುಂಬಿದರು. ವಿದ್ಯಾರ್ಥಿ, ಗೃಹಿಣಿ, ಗುಮಾಸ್ತ, ಎಲ್ಲರೂ ಕುಂಚ ಹಿಡಿದಿದ್ದರು. ಕೆಲಸಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನಾನು ಅದನ್ನು ದಿನವೂ ನೋಡುತ್ತಿದ್ದೆ. ಇಳಿದು ಒಂದು ಬಾರಿಯೂ ನೋಡಲಿಲ್ಲ. ಇಂದಿಲ್ಲದಿದ್ದರೆ ನಾಳೆ ನೋಡೋಣವೆಂಬ ಆಲಸ್ಯ. ಆ ನಾಳೆ ಬರುವಷ್ಟರಲ್ಲಿ ಬಹುಭಾಗ ಕೊಳೆಯ ಕೆಳಗೂ ಜಾಹೀರಾತಿನ ಕೆಳಗೂ ಹೋಗಿತ್ತು.

ಅದು ಆಲಸ್ಯ, ಇನ್ನೊಂದು ಅದಕ್ಕಿಂತ ಕೆಟ್ಟುದು. ಪಶ್ಚಿಮ ಉಪನಗರವೊಂದರ ಶಾಖೆಯಲ್ಲಿ ನಾನು ಅಧಿಕಾರಿಯಾಗಿದ್ದಾಗ ನಮ್ಮ ಕಟ್ಟಡದ ಪಕ್ಕದ ಓಣಿಯ ಗೋಡೆಯ ಮೇಲೆ ಒಬ್ಬ ಕೋಳಿ ಹೆಂಗಸಿನ ಚಿತ್ರವಿತ್ತು. ತಲೆಯ ಮೇಲೆ ಬುಟ್ಟಿ, ಕಚ್ಚೆ ಹಾಕಿದ ಸೀರೆ, ಎರಡೇ ಬಣ್ಣ. ಹಾಳೆ ಕತ್ತರಿಸಿ ಸಿಂಪಡಿಸಿದ್ದೆಂದು ಈಗ ತಿಳಿಯುತ್ತದೆ. ಯಾರು ಬರೆದರೋ ಯಾರಿಗೂ ಗೊತ್ತಿರಲಿಲ್ಲ. ವಾರ್ಷಿಕ ತಪಾಸಣೆ ಹತ್ತಿರ ಬಂತು. ಕಟ್ಟಡಕ್ಕೆ ಸುಣ್ಣಬಣ್ಣ ಮಾಡಿಸಬೇಕೆಂದಾಯಿತು. ಗುತ್ತಿಗೆದಾರನ ಬಿಲ್ಲಿನಲ್ಲಿ ಒಂದು ಬಾಬು ‘ಗೋಡೆಯ ಕಲೆ ತೆಗೆದದ್ದಕ್ಕೆ’ ಎಂಬರ್ಥದ ಇಂಗ್ಲಿಷಿನಲ್ಲಿತ್ತು. ಮೊಬಲಗು 3,800 ರೂಪಾಯಿ. ಸಹಿ ಮಾಡಿದೆ. ಆ ಮಾತಿಗೆ ನಮ್ಮ ಭಾಷೆಯಲ್ಲಿ ಎರಡರ್ಥವಿದೆಯೆಂಬುದು ಆಗ ಹೊಳೆಯಲಿಲ್ಲ. ಮರುದಿನ ಶಾಖೆಗೆ ಬರುವಾಗ, ಆ ಗೋಡೆಯ ಕೆಳಗೆ ಎಷ್ಟೋ ವರ್ಷಗಳಿಂದ ಮೀನು ಮಾರುತ್ತಿದ್ದ ಹೆಂಗಸು ನನ್ನನ್ನು ತಡೆದು ಮರಾಠಿಯಲ್ಲಿ ಕೇಳಿದಳು: “ಸಾಹೇಬರೇ, ನನ್ನ ಜೊತೆಯವಳನ್ನು ಎಲ್ಲಿಗೆ ಕಳಿಸಿದಿರಿ?” ಸಿಟ್ಟಿನಿಂದ ಕೇಳಿದುದಲ್ಲ. ಗಿರಾಕಿಗಳಿಗೆ ಆ ಚಿತ್ರವೇ ಆಕೆಯ ಗುರುತಾಗಿತ್ತಂತೆ. ನಾನು ಏನು ಹೇಳಿದೆನೋ ನೆನಪಿಲ್ಲ. ಏನೂ ಹೇಳಲಿಲ್ಲವೆಂದೇ ತೋರುತ್ತದೆ. ಆಮೇಲೆ ಒಂದು ತಿಂಗಳು ಆ ಚಿತ್ರದ ಛಾಯಾಚಿತ್ರ ಯಾರಲ್ಲಿಯಾದರೂ ಇದೆಯೇ ಎಂದು ವಿಚಾರಿಸಿದೆ. ಸಿಪಾಯಿಯ ಬಳಿ ಇರಲಿಲ್ಲ, ಎದುರಿನ ಔಷಧದ ಅಂಗಡಿಯವನ ಬಳಿ ಇರಲಿಲ್ಲ, ಆಕೆಯ ಬಳಿಯೂ ಇರಲಿಲ್ಲ. ಆ ಚಿತ್ರ ಇತ್ತೆಂಬುದಕ್ಕೆ ಉಳಿದಿರುವ ಏಕಮಾತ್ರ ಲಿಖಿತ ಆಧಾರ, ನನ್ನ ಸಹಿಯುಳ್ಳ ಆ ಬಿಲ್ಲು.

ಕಾನೂನಿನ ದೃಷ್ಟಿಯಿಂದ ನಾನು ತಪ್ಪು ಮಾಡಲಿಲ್ಲ. ಮಹಾರಾಷ್ಟ್ರದಲ್ಲಿ ಆಸ್ತಿಯ ವಿರೂಪವನ್ನು ತಡೆಯುವ 1995ರ ಅಧಿನಿಯಮವಿದೆ. ಕರ್ನಾಟಕದಲ್ಲಿ 1981ರದು, ದೆಹಲಿಯಲ್ಲಿ 2007ರದು. ಇವುಗಳ ಮುಂದೆ ಅನುಮತಿಯಿಲ್ಲದ ಗೀಚು ಗೀಚೇ. ಅದರ ಸೊಗಸು ವಿಚಾರಕ್ಕೆ ಬರುವುದಿಲ್ಲ. ಒಪ್ಪಿಗೆ ಪಡೆದು ಮಾಡಿಸಿದ ಕೃತಿಯ ವಿಷಯ ಬೇರೆ. ಕೃತಿಸ್ವಾಮ್ಯದ 1957ರ ಅಧಿನಿಯಮದ 57ನೆಯ ಕಲಮು, ಕೃತಿಯನ್ನು ಮಾರಿದ ಮೇಲೆಯೂ ಕರ್ತೃವಿಗೆ ಅದರ ಮೇಲೆ ಒಂದು ಬಗೆಯ ನೈತಿಕ ಹಕ್ಕನ್ನು ಉಳಿಸಿಕೊಟ್ಟಿದೆ. ಶಿಲ್ಪಿ ಅಮರನಾಥ ಸೆಹಗಲ್ಲರು ದೆಹಲಿಯ ವಿಜ್ಞಾನ ಭವನಕ್ಕೆ ರಚಿಸಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಯಿತು; ದೆಹಲಿ ಉಚ್ಚ ನ್ಯಾಯಾಲಯವು 2005ರಲ್ಲಿ ಅದರ ಅವಶೇಷಗಳನ್ನು ಅವರಿಗೆ ಮರಳಿಸುವಂತೆಯೂ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆಯೂ ಸರಕಾರಕ್ಕೆ ಆದೇಶಿಸಿತು. ಅಮೆರಿಕೆಯಲ್ಲಿ ಇನ್ನೊಂದು ಪ್ರಕರಣ: ನ್ಯೂಯಾರ್ಕಿನ ‘ಫೈವ್ ಪಾಯಿಂಟ್ಸ್’ ಎಂಬ ಹಳೆಯ ಕಾರ್ಖಾನೆಯ ಗೋಡೆಗಳನ್ನು ಮಾಲಿಕನೇ ಚಿತ್ರಕಾರರಿಗೆ ಬಿಟ್ಟುಕೊಟ್ಟಿದ್ದನು, 2013ರಲ್ಲಿ ಒಂದು ರಾತ್ರಿ ಎಲ್ಲಕ್ಕೂ ಬಿಳಿ ಬಳಿಸಿಬಿಟ್ಟನು. 2018ರಲ್ಲಿ ನ್ಯಾಯಾಲಯವು 21 ಚಿತ್ರಕಾರರಿಗೆ ಒಟ್ಟು 67.5 ಲಕ್ಷ ಡಾಲರ್ ಕೊಡಿಸಿತು. ಒಂದು ಬಳಿತಕ್ಕೆ 67.5 ಲಕ್ಷ ಡಾಲರ್, ಇನ್ನೊಂದಕ್ಕೆ 3,800 ರೂಪಾಯಿ. ಲೆಕ್ಕ ಬರೆಯುವುದೇ ವೃತ್ತಿಯಾದವನಿಗೆ ಈ ಎರಡು ಅಂಕಿಗಳನ್ನು ಒಂದೇ ಪುಟದಲ್ಲಿ ಹೊಂದಿಸುವುದು ಸುಲಭವಲ್ಲ.

ಅನುಮತಿಯುಳ್ಳ ಚಿತ್ರಗಳ ಬಗೆಗೆ ಇನ್ನೊಂದು ಆಕ್ಷೇಪವನ್ನು ಕೇಳಿದ್ದೇನೆ, ಅದನ್ನು ತಳ್ಳಿಹಾಕುವಂತಿಲ್ಲ. ‘ಸ್ಟಾರ್ಟ್ ಇಂಡಿಯಾ’ ಎಂಬ ಪ್ರತಿಷ್ಠಾನವು 2014ರಿಂದ ಅನೇಕ ನಗರಗಳಲ್ಲಿ ದೊಡ್ಡ ಭಿತ್ತಿಚಿತ್ರಗಳನ್ನು ಮಾಡಿಸುತ್ತ ಬಂದಿದೆ. ಅದರ ಸ್ಥಾಪಕರಲ್ಲೊಬ್ಬರಾಗಿ 2024ರಲ್ಲಿ ನಿಧನರಾದ ಹನೀಫ್ ಕುರೇಶಿಯವರು ಬೋರ್ಡು ಬರೆಯುವ ಕುಶಲಕರ್ಮಿಗಳ ಅಕ್ಷರಶೈಲಿಗಳನ್ನು ಸಂಗ್ರಹಿಸಿ ಉಳಿಸಿದವರು. ಆ ಒಂದು ಕೆಲಸಕ್ಕಾಗಿಯೇ ಅವರನ್ನು ನೆನೆಯಬೇಕು. ದೆಹಲಿಯ ಲೋದಿ ಕಾಲನಿ 1940ರ ದಶಕದಲ್ಲಿ ಸರಕಾರಿ ನೌಕರರಿಗಾಗಿ ಕಟ್ಟಿದ್ದು. ಅದರ ಎತ್ತರದ ಕಮಾನುಗಳ ಇಕ್ಕೆಲದ ಗೋಡೆಗಳ ಮೇಲೆ ಇಂದು 50ಕ್ಕೂ ಹೆಚ್ಚು ಚಿತ್ರಗಳಿವೆ. ದೆಹಲಿಯ ಕನ್ನಡ ಬಂಧುಗಳು ಒಂದು ಚಳಿಗಾಲದ ಬೆಳಿಗ್ಗೆಯನ್ನು ಅದಕ್ಕಾಗಿ ಮೀಸಲಿಡಬಹುದು. ಅಲ್ಲಿ ‘ಡಾಕು’ ಎಂಬ ಗುಪ್ತನಾಮದ ಕಲಾವಿದರು ಗೋಡೆಯಿಂದ ಮುಂಚಾಚಿದ ಅಕ್ಷರಗಳನ್ನು ಕೂರಿಸಿದ್ದುಂಟು. ಬಿಸಿಲು ಬಂದಾಗ ಅವುಗಳ ನೆರಳೇ ಗೋಡೆಯ ಮೇಲೆ ಬರಹವಾಗುತ್ತಿತ್ತು, ಸೂರ್ಯ ಸರಿದಂತೆ ಬರಹವೂ ಸರಿಯುತ್ತಿತ್ತು. ಬಣ್ಣವೇ ಇಲ್ಲದ ಗೋಡೆಬರಹ ಇದು. ಚೆನ್ನೈಯ ಕಣ್ಣಗಿ ನಗರದ ಸಂಗತಿ ಬೇರೆ. ನಗರದ ನಡುವಿನಿಂದ ಎಬ್ಬಿಸಿದ ಬಡವರನ್ನು 2000ದಿಂದೀಚೆಗೆ ತಂದು ನೆಲೆಗೊಳಿಸಿದ ಬಡಾವಣೆ ಅದು. ಅಲ್ಲಿನ ವಸತಿಗಳ ಗೋಡೆಗಳು 2020ರಲ್ಲಿ ಚಿತ್ರಮಯವಾದುವು. ಗೋಡೆಗೆ ಬಣ್ಣ ಬಂದರೆ ನಲ್ಲಿಗೆ ನೀರು ಬಂತೇ ಎಂದು ಕೇಳುವವರಿದ್ದಾರೆ. ಊರಿನ ಹೆಸರು ಕೆಟ್ಟಿದ್ದ ಕಡೆ ಜನ ನೋಡಲು ಬರುವಂತಾದುದೂ ಒಂದು ಲಾಭವೇ ಎಂದು ಹೇಳುವವರೂ ಇದ್ದಾರೆ. ನನ್ನ ಮಟ್ಟಿಗೆ ಮೊದಲನೆಯ ಪ್ರಶ್ನೆಯನ್ನು ಕೇಳದೆ ಆ ಚಿತ್ರಗಳ ಮುಂದೆ ನಿಲ್ಲುವುದು ಆಗದು.

ಮುಂಬಯಿಯ ಸಸೂನ್ ಡಾಕಿನಲ್ಲಿ 2017ರ ಕೊನೆಗೆ ನಡೆದ ಕಲಾಪ್ರದರ್ಶನವು ಈ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಿತು. 1875ರಲ್ಲಿ ಕಟ್ಟಿದ ಆ ಧಕ್ಕೆಯಲ್ಲಿ ಮೀನು ಇಳಿಸುವ, ಸಿಗಡಿ ಸುಲಿಯುವ ಜನರ ಮುಖಗಳನ್ನೇ ಆಳೆತ್ತರಕ್ಕೂ ಮಿಗಿಲಾಗಿ ಅಚ್ಚು ಹಾಕಿಸಿ ಗೋಡೆಗಳಿಗೆ ಅಂಟಿಸಿದ್ದರು. ಊರಿನ ಶ್ರೀಮಂತರು ಮೂಗಿಗೆ ಕರವಸ್ತ್ರ ಹಿಡಿದು ನೋಡಲು ಬಂದರು. ಅಲ್ಲಿ ಕೆಲಸ ಮಾಡುವವರು ತಲೆಯೆತ್ತಿ ತಮ್ಮ ಮುಖವನ್ನು ಒಮ್ಮೆ ನೋಡಿ ಮತ್ತೆ ಬುಟ್ಟಿಗೆ ಕೈಹಾಕುತ್ತಿದ್ದರು.

ಕನ್ನಡ ನಾಡಿನಲ್ಲಿ ಈ ಕಲೆ ಇನ್ನೊಂದು ದಾರಿ ಹಿಡಿದಿದೆ. ಮೈಸೂರಿನ ಚಾಮರಾಜೇಂದ್ರ ಅಕಾಡೆಮಿಯಲ್ಲಿ ಅಭ್ಯಾಸ ಮಾಡಿದ ಬಾದಲ್ ನಂಜುಂಡಸ್ವಾಮಿಯವರು ಗೋಡೆಯನ್ನು ಬಿಟ್ಟು ನೆಲಕ್ಕಿಳಿದರು. 2015ರಲ್ಲಿ ಬೆಂಗಳೂರಿನ ಸುಲ್ತಾನ್ ಪಾಳ್ಯದ ರಸ್ತೆಯ ದೊಡ್ಡ ಗುಂಡಿಯನ್ನು ಕೊಳವಾಗಿಸಿ ಅದರಲ್ಲಿ ಮೊಸಳೆಯೊಂದನ್ನು ಮಲಗಿಸಿದರು. 2019ರಲ್ಲಿ ಹೇರೋಹಳ್ಳಿಯ ಬಳಿ ಹೊಂಡಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದವರನ್ನು ನಡೆಸಿ ಚಿತ್ರ ತೆಗೆದರು. ಚಂದ್ರನ ಮೇಲೆ ನಡೆದಂತೆಯೇ ಕಂಡಿತು. ಎರಡು ಸಲವೂ ರಸ್ತೆ ದುರಸ್ತಿಯಾಯಿತು. ತನ್ನ ಕೃತಿ ಬೇಗ ಅಳಿಯಲಿ ಎಂದೇ ಬರೆಯುವ ಕಲಾವಿದನನ್ನು ನಮ್ಮ ಅಲಂಕಾರಶಾಸ್ತ್ರ ಊಹಿಸಿರಲಾರದು. ಬೆಂಗಳೂರಿನ ಪೂರ್ಣಿಮಾ ಸುಕುಮಾರ್ ಅವರು 2016ರಲ್ಲಿ ಆರಂಭಿಸಿದ ‘ಅರವಾಣಿ’ ಕಲಾಬಳಗವು ಲಿಂಗಾಂತರಿ ಮಹಿಳೆಯರ ಕೈಗೇ ಕುಂಚವನ್ನು ಕೊಟ್ಟಿತು. ಕೃಷ್ಣರಾಜ ಮಾರುಕಟ್ಟೆಯ ಬಳಿಯ ಗೋಡೆಯ ಮೇಲೆ ಅವರು ಬರೆದ ಮಾತಿನ ತಾತ್ಪರ್ಯ ‘ನಾವು ಇದ್ದೇವೆ’ ಎಂಬುದಾಗಿತ್ತು. ಕಾನ್ಹೇರಿಯ 90ನೆಯ ಗುಹೆಯಲ್ಲಿ ಬರೆದಿರುವುದಕ್ಕೂ ಇದಕ್ಕೂ ಸಾವಿರ ವರ್ಷಗಳ ಅಂತರವಿದೆ. ಮಾತು ಹೆಚ್ಚು ಬೇರೆಯಲ್ಲ.

ಈಗ ನಾನು ರವಿವಾರದ ತಿರುಗಾಟಕ್ಕೆ ಹೋಗುವಾಗ ಒಂದು ಹಳೆಯ ಲೆಡ್ಜರನ್ನು ಜೊತೆಗೊಯ್ಯುತ್ತೇನೆ. ಒಂದು ಗೋಡೆಗೆ ಒಂದು ಪುಟ. ಓಣಿಯ ಹೆಸರು, ಗೋಡೆ ಮುಖಮಾಡಿರುವ ದಿಕ್ಕು, ಹೆಜ್ಜೆಗಳಿಂದ ಎಣಿಸಿದ ಉದ್ದ, ಉಪಕರಣ, ಅಂಕಿತ, ಕೆಳಗಿನ ಪದರ, ಹತ್ತಿರದ ಅಂಗಡಿಯವರು ಹೇಳಿದುದು, ನೋಡಿದ ದಿನಾಂಕ. ಎಡಗಡೆಯ ಪುಟ ಖಾಲಿ, ಮುಂದಿನ ವರ್ಷ ಅದೇ ಗೋಡೆಗೆ ಮತ್ತೆ ಹೋದಾಗ ಬರೆಯುವುದಕ್ಕೆ. ಕೈಯ ದೂರವಾಣಿಯಿಂದ ಛಾಯಾಚಿತ್ರ ತೆಗೆಯುವುದು ಈಗ ಎಲ್ಲರಿಗೂ ಸುಲಭವೇ; ಆದರೆ ಎಲ್ಲಿ, ಯಾವಾಗ ಎಂಬುದನ್ನು ಬರೆದಿಡದ ಛಾಯಾಚಿತ್ರ, ಊರ ಹೆಸರಿಲ್ಲದ ಶಾಸನದ ಪಡಿಯಚ್ಚಿನಂತೆ, ಸಂಶೋಧಕನಿಗೆ ಅಷ್ಟಾಗಿ ಉಪಯೋಗಕ್ಕೆ ಬಾರದು. ಗೋಡೆಯ ಮನೆಯವರನ್ನು ಮಾತನಾಡಿಸದೆ ಚಿತ್ರ ತೆಗೆಯಬಾರದೆಂಬುದು ನಾನು ಪಾಲಿಸುವ ಇನ್ನೊಂದು ನಿಯಮ. ರಾಣ್ವಾರಿನಲ್ಲಿ ಅದರಿಂದ ಎರಡು ಬಾರಿ ಚಹವೂ ದೊರಕಿದೆ.

ಕಳೆದ ಮಾರ್ಗಶಿರದಲ್ಲಿ ಆ ಹಳೆಯ ಶಾಖೆಯ ಓಣಿಗೂ ಹೋಗಿದ್ದೆ. ಮೀನಿನವಳು ಈಗ ಬರುವುದಿಲ್ಲ; ಆಕೆಯ ಸೊಸೆ ಕೂರುತ್ತಾಳೆ. ಬಿಳಿಯ ಗೋಡೆ ಬೂದಾಗಿದೆ. ನೀರಿನ ತೊಟ್ಟಿ ತೊಳೆಯುವವನೊಬ್ಬನ ದೂರವಾಣಿ ಸಂಖ್ಯೆ, ಅದರ ಪಕ್ಕದಲ್ಲಿ ಇದ್ದಿಲಿನಿಂದ ನೆಟ್ಟಗೆ ಎಳೆದ ಮೂರು ಗೆರೆ, ಮೇಲೆ ಅಡ್ಡ ಒಂದು: ಓಣಿಯ ಹುಡುಗರ ಸ್ಟಂಪುಗಳು. ಎತ್ತರ ನನ್ನ ಸೊಂಟದಷ್ಟು. ಒಂದು ಗೆರೆಯನ್ನು ಅಳಿಸಿ ಮತ್ತೆ ಎಳೆದಿದೆ. ಅಂಕಿತವಿಲ್ಲ. ಪುಟದ ಮೇಲೆ ದಿನಾಂಕ ಬರೆದುಕೊಂಡೆನು.